ತಿಳಿದುಹೋದ ಪುಸ್ತಕ

ಪುಸ್ತಕ ಅರ್ಥವಾದರೆ ಮನುಷ್ಯನಿಗೆ ಸಂತೋಷವಾಗಬೇಕು. ನನಗೆ ಮಾತ್ರ ಹೋದ ತಿಂಗಳು ಒಂದು ಪುಸ್ತಕದ ಕೊನೆಯ ಅಧ್ಯಾಯ ಅರ್ಥವಾಗಿ, ಎರಡು ದಿನ ಊಟ ಸೇರಲಿಲ್ಲ.

ನಾನು ಗೋಕಾಕದಲ್ಲಿ ಕನ್ನಡ ಶಾಲೆಯ ಮಾಸ್ತರ. ಇಂಗ್ಲಿಷನ್ನು ಎಡವುತ್ತ ಎಡವುತ್ತ ಓದಬಲ್ಲೆ. ನೂಲಿನ ಗಿರಣಿಯಲ್ಲಿ ದುಡಿಯುವ ನಾಲ್ಕಾರು ಕ್ರಿಸ್ತಿಯನ್ ಮನೆಗಳಿಗಾಗಿ ಗೋವೆಯಿಂದ ಬಂದು ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಪಾದ್ರಿಗಳು, ಒಮ್ಮೆ ಗ್ರಹಚಾರಕ್ಕೆ ಈ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಬರೆದವನು ಅವರದೇ ಕಥೋಲಿಕ ಪಂಥದ, ಈ ಕಾಲದ ದೊಡ್ಡ ಪಂಡಿತನಂತೆ. ಆರು ಪುಟ ಗ್ರೀಕ್, ಲ್ಯಾಟಿನ್ ಆಧಾರಗಳನ್ನು ಒಂದರ ಮೇಲೊಂದು ಒಟ್ಟುತ್ತಾನೆ; ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಬಿಟ್ಟು, ದೇವರನ್ನು ಈಗಷ್ಟೇ ಕಂಡು ಬಂದವನ ಹಾಗೆ ಮಾತಾಡುತ್ತಾನೆ. ಕೋರ್ಟಿನಲ್ಲಿ ಕಾಗದಪತ್ರ ತೋರಿಸುತ್ತಿದ್ದ ವಕೀಲ ಕಣ್ಣು ಮುಚ್ಚಿ ಭಜನೆಗೆ ತೊಡಗಿದಂತೆ! ಗಾಬರಿಯಾಗಿ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಪಾದ್ರಿಗಳ ಮನೆಗೆ ಓಡಿದೆ.

“ಬರ್ರಿ ಮಾಸ್ತರ,” ಎಂದರು. ಅವರ ಕನ್ನಡ ಪೂರಾ ಗೋಕಾಕದ್ದು. “ಪಂಡಿತ ಎಲ್ಲಿ ಸುಮ್ಮನಾಗ್ತಾನ, ಅಲ್ಲಿಂದ ಪುಸ್ತಕ ಚಾಲೂ ಆಗತೈತಿ.”

ಅಂದಿನಿಂದ ಪ್ರತಿ ರವಿವಾರ ಸಂಜೆ ಅವರ ಕಟ್ಟೆಯ ಮೇಲೆ ನಮ್ಮ ಓದು. ಅವರು ಲ್ಯಾಟಿನ್ ಬಿಡಿಸಿ ಹೇಳುವರು, ನಾನು ಅದಕ್ಕೆ ಸರಿದೂಗುವ ವಚನ ಹುಡುಕುವೆ. ನಡುವೆ ಚಹಾ ಆರಿ ತಣ್ಣಗಾಗುವುದು. ಎರಡು ಅಧ್ಯಾಯಕ್ಕೆ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರಿಗೆ ಬಹಳ ದೂರದ ಊರಿಗೆ ವರ್ಗವಾಯಿತು. “ಪುಸ್ತಕ ನಿಮ್ಮ ಕಡೇನ ಇರಲಿ. ತಿಳೀದಿದ್ದಾಗ ಬರೀರಿ,” ಎಂದು ಹೇಳಿ ಮೋಟಾರು ಹತ್ತಿದರು.

ತಿಂಗಳಿಗೊಂದು ಸಂಶಯ ಕಳಿಸಿದೆ; ತಿಂಗಳಿಗೊಂದು ಉತ್ತರ ಬಂತು. ಹೀಗೆ ಟಪಾಲಿನಲ್ಲೇ ಉಳಿದ ಅಧ್ಯಾಯಗಳೂ ಒಂದೊಂದಾಗಿ ಮುಗಿಯುತ್ತ ಬಂದವು. ಈಗ ಆ ಮನೆಯಲ್ಲಿ ಹತ್ತಿಯ ದಲಾಲರೊಬ್ಬರ ಸಂಸಾರವಿದೆ. ಆದರೂ ರವಿವಾರ ಸಂಜೆ ಅದರ ಮುಂದೆ ಬಂದಾಗ ನನ್ನ ಕಾಲು ತಾನಾಗಿಯೇ ನಿಧಾನವಾಗುತ್ತದೆ.

ಇಂಥದರಲ್ಲಿ ಆ ಕೊನೆಯ ಅಧ್ಯಾಯ ತಿಳಿದುಬಿಟ್ಟಿತು. ಕಣ್ಣಿಗೆ ಕಾಣದವನಿಗಾಗಿ ಕಾಯುವುದು ಹೇಗೆಂದು ಅದರಲ್ಲಿತ್ತು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕೇಳಲು ಇನ್ನೇನೂ ಉಳಿಯದೆ ಖಾಲಿ ಹಾಳೆಯ ಮುಂದೆ ಕೂತಿದ್ದಾಗ ಹೆಂಡತಿ ಬಂದಳು.

“ನಿಮ್ಮ ನೆನಪ ಭಾಳ ಆಗತೈತಿ ಅಂತ ಬರದ್ರ ಶಾಯಿ ತೀರತೈತೇನ್ರಿ?”

“ಪಾದ್ರಿಗಳಿಗೆ ಹಂಗೆಲ್ಲಾ ಬರಿಯಾಕ ಬರೂದಿಲ್ಲ,” ಎಂದು ಗದರಿ, ಎಂದೋ ಬಗೆಹರಿದಿದ್ದ ಮೊದಲ ಅಧ್ಯಾಯದ ಸಂಶಯವನ್ನೇ ಹೊಸದೆಂಬಂತೆ ಬರೆದು ಹಾಕಿದೆ.

ನಾಲ್ಕು ಹಾಳೆ ಉತ್ತರ ಬಂತು. ಕೊನೆಗೆ ಸಣ್ಣ ಅಕ್ಷರದಲ್ಲಿ, “ಇದನ್ನ ಕಟ್ಟಿ ಮ್ಯಾಲ ಕುಂತಾಗನ ಕೇಳಿದ್ರಿ, ಮಾಸ್ತರ. ಇಲ್ಲಿ ನನ್ನ ಏನೂ ಕೇಳವ್ರಿಲ್ಲ. ಬರೂ ತಿಂಗಳೂ ಕೇಳ್ರಿ,” ಎಂದಿತ್ತು.

ಆ ಸಾಲನ್ನು ಹೆಂಡತಿಗೆ ಓದಿ ಹೇಳಿಲ್ಲ. ತಾನೇ ಗೆದ್ದೆನೆಂದು ನಕ್ಕಾಳು. ಎರಡನೆಯ ಅಧ್ಯಾಯವನ್ನು ಮಾತ್ರ ಈಗಿನಿಂದಲೇ ಶ್ರದ್ಧೆಯಿಂದ ಮರೆಯತೊಡಗಿದ್ದೇನೆ.