ನಮ್ಮ ಹಿತ್ತಲಿನ ಭೂಗತ ವ್ಯವಹಾರ

ಮಿಲ್ವಾಕಿ ನಗರದ ದಕ್ಷಿಣ ಭಾಗದಲ್ಲಿ ಯಾರೇ ನೆಲ ಅಗೆಯುವುದಿದ್ದರೂ ಮೊದಲು ನಮ್ಮ ಕಚೇರಿಗೆ ಫೋನು ಮಾಡಬೇಕು. ಆಗ ನಾನು ಯಂತ್ರ ಹಿಡಿದು ಹೋಗುತ್ತೇನೆ. ಭೂಮಿತಾಯಿ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿರುವ ಕೊಳವೆ, ತಂತಿಗಳನ್ನೆಲ್ಲ ಪತ್ತೆಹಚ್ಚಿ ಅವುಗಳ ನೆತ್ತಿಯ ಮೇಲೆ ಪುಟ್ಟ ಬಾವುಟ ನೆಟ್ಟು ಬರುತ್ತೇನೆ. ಹಳದಿ ಎಂದರೆ ಗ್ಯಾಸು, ನೀಲಿ ಎಂದರೆ ನೀರು, ಕೆಂಪು ಎಂದರೆ ಕರೆಂಟು. ಇಂಥ ಪಾತಾಳದರ್ಶಿಗೆ ಸ್ವಂತ ಮನೆಯಲ್ಲಿ ಸಿಗುವ ಮರ್ಯಾದೆ ಕೇಳಿ.

"ಕ್ಯಾಸ್, ನಿನ್ನ ಹಸಿರು ಪಟ್ಟೆ ಕಾಲುಚೀಲ ಒಂದೇ ಇದೆಯಲ್ಲ, ಇನ್ನೊಂದೆಲ್ಲಿ?" ಎನ್ನುತ್ತಾಳೆ ಹೆಂಡತಿ ಬರ್ನಡೀನ್.

"ಗೊತ್ತಿಲ್ಲ ಮಾರಾಯ್ತಿ."

"ಊರವರ ಪೈಪೆಲ್ಲ ಹುಡುಕ್ತಾನಂತೆ! ಕಾಲಿಗೆ ಹಾಕ್ಕೊಂಡಿದ್ದು ಸಿಗಲ್ವಂತೆ!"

(ಕಾಲುಚೀಲದ ವಿಷಯ ಸದ್ಯಕ್ಕೆ ಇಲ್ಲಿಗೇ ಬಿಡೋಣ.)

ಗಲಾಟೆ ಶುರುವಾದದ್ದು ನಮ್ಮತ್ತೆ ಸ್ಟಾಶಾ ಅವರ ಮಂಡಿಯಿಂದ. ಅವರು ನಮ್ಮ ಮನೆಯ ಮಹಡಿಯ ಮೇಲಿರುತ್ತಾರೆ. ಮೆಟ್ಟಿಲಿಳಿಯುವಾಗ ಪ್ರತಿ ಮೆಟ್ಟಿಲಿಗೂ ಒಬ್ಬೊಬ್ಬ ಸಂತರನ್ನು ಕರೆಯುತ್ತಾರೆ, ಆದರೆ ನಾನು ಕೈಕೊಡಲು ಹೋದರೆ ಮಾತ್ರ ಗದರುತ್ತಾರೆ. ಅವರಿಗೋಸ್ಕರವೇ ಹಿಂದೊಮ್ಮೆ ಈ ಮನೆ ಮಾರಿ ಮೆಟ್ಟಿಲಿಲ್ಲದ ಮನೆ ಕೊಳ್ಳೋಣವೆಂದು ಹೊರಟಿದ್ದೆವು. 'ಮಾರಾಟಕ್ಕಿದೆ' ಎಂಬ ಹಲಗೆ ಬೇಸಗೆಯಿಡೀ ಅಂಗಳದಲ್ಲಿ ನಿಂತು ಬಣ್ಣ ಕಳೆದುಕೊಂಡಿತೇ ಹೊರತು ಒಬ್ಬ ಗಿರಾಕಿಯೂ ಸುಳಿಯಲಿಲ್ಲ. ಕೊನೆಗೆ ಹಿತ್ತಲಿನಲ್ಲಿ, ಲೈಲಾಕ್ ಗಿಡವಿರುವ ಕಡೆ, ಕೆಳಗೇ ಒಂದು ಕೋಣೆ ಕಟ್ಟಿಸುವುದೆಂದು ಗಂಡಹೆಂಡತಿ ತೀರ್ಮಾನಿಸಿದೆವು.

ಅಗೆಯುವ ಮುನ್ನ ನಿಯಮದಂತೆ ಫೋನು ಮಾಡಿದೆ. ಮರುದಿನ ಬೆಳಿಗ್ಗೆ ಆ ಕೆಲಸ ನನ್ನ ಪಾಲಿಗೇ ಬಂತು. ಕರ್ತವ್ಯವೆಂದರೆ ಕರ್ತವ್ಯ. ಹೆಲ್ಮೆಟ್ಟು, ಕಿತ್ತಳೆ ಬಣ್ಣದ ಅಂಗಿ ಧರಿಸಿ ನಮ್ಮ ಮನೆಯ ಗಂಟೆಯನ್ನು ನಾನೇ ಒತ್ತಿದೆ.

"ಮೇಡಂ, ನಿಮ್ಮ ನೆಲ ಗುರುತು ಮಾಡಲು ಬಂದಿದ್ದೇನೆ. ಕಚೇರಿಗೆ ತಿಳಿಯದ ಹಾಗೆ ನೀವಾಗಿ ಹೂಳಿದ್ದು ಏನಾದರೂ ಇದೆಯೇ?"

"ಹೂಳೋದಿದ್ರೆ ನಿನ್ನನ್ನೇ ಹೂಳಿರ್ತಿದ್ದೆ. ಬೂಟು ಒರೆಸ್ಕೊಂಡು ಒಳಗೆ ಬಾ," ಎಂದಳು ಬರ್ನಡೀನ್.

ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಅತ್ತೆ ತಲೆ ಹೊರಹಾಕಿದರು. "ಕ್ಯಾಸ್, ಆ ಲೈಲಾಕ್ ಗಿಡದ ಹತ್ರ ಒಂಚೂರು..."

"ಅತ್ತೇ, ಇದು ಯಂತ್ರದ ಕೆಲಸ. ನಮ್ಮ ಹಿತ್ತಲಲ್ಲಿ ಇರೋದೆಲ್ಲ ನಂಗೊತ್ತು!" ಎಂದೆ. ಕಿಟಕಿ ಪಟ್ಟನೆ ಮುಚ್ಚಿಕೊಂಡಿತು. ಗಿಡದ ಬಳಿ ಯಂತ್ರ ಕುಂಯ್ ಎನ್ನಲಿಲ್ಲ. ಉಳಿದ ಕಡೆಯೆಲ್ಲ ಬಾವುಟ ನೆಟ್ಟು, ಅಲ್ಲಿ ಮಾತ್ರ ಒಂದನ್ನೂ ನೆಡದೆ ಠೀವಿಯಿಂದ ಹೊರಟೆ.

ಶನಿವಾರ ಬೆಳಿಗ್ಗೆ, ಕೋಣೆ ಕಟ್ಟಲು ಒಪ್ಪಿಕೊಂಡಿದ್ದ ಗುತ್ತಿಗೆದಾರ ರೂಬೆನ್ ಅಗೆಯುವ ಯಂತ್ರ ತಂದ. ಹಿತ್ತಲಿಗೆ ಹೋದವನು ಹೊಟ್ಟೆ ಹಿಡಿದುಕೊಂಡು ನಗುತ್ತಾ ವಾಪಸಾದ.

"ಕ್ಯಾಸಣ್ಣ, ಇಡೀ ಊರಿನ ಗ್ಯಾಸು, ನೀರು, ಕರೆಂಟು ಎಲ್ಲಾ ನಿಮ್ಮ ಲೈಲಾಕ್ ಗಿಡದ ಬುಡದಿಂದ್ಲೇ ಸಪ್ಲೈ ಆಗೋದಾ?"

ಓಡಿಹೋಗಿ ನೋಡಿದೆ. ನಾನು ನೆಟ್ಟ ಬಾವುಟಗಳಲ್ಲಿ ಒಂದೂ ಸ್ವಸ್ಥಾನದಲ್ಲಿರಲಿಲ್ಲ. ಎಲ್ಲವೂ ಗಿಡದ ಬುಡದಲ್ಲಿ ಒಂದು ಹಳದಿ, ಒಂದು ನೀಲಿ, ಒಂದು ಕೆಂಪು ಎಂದು ಮಾಲೆ ಕಟ್ಟಿದ ಹಾಗೆ ದುಂಡಗೆ ನಿಂತಿದ್ದವು. ಪಕ್ಕದಲ್ಲಿ ಸಾಸೇಜು ತಿರುವುವ ಉದ್ದನೆಯ ಇಕ್ಕಳ ಬಿದ್ದಿತ್ತು. ಬಗ್ಗಲಾರದವರು ಯಾರೋ ಅದರಿಂದ ಒಂದೊಂದನ್ನೇ ಕಿತ್ತು ನೆಟ್ಟಿದ್ದರು.

"ಅಮ್ಮಾ!" ಎಂದು ಬರ್ನಡೀನ್ ಕೂಗಿದಳು.

ಅತ್ತೆ ಕೋಲೂರಿಕೊಂಡು ಬಂದರು. "ಬಾವುಟ ಇರೋ ಕಡೆ ಯಂತ್ರ ಇಳಿಸ್ಬಾರ್ದು, ಕೈಯಲ್ಲೇ ಮೆತ್ತಗೆ ಅಗೀಬೇಕು ಅಂತ ದಿನಾ ಊಟದ ಹೊತ್ತಲ್ಲಿ ಕೊರೀತಾನಲ್ಲ ನಿನ್ನ ಗಂಡ? ಅಗೀಲಿ ಈಗ. ಮೆತ್ತಗೆ."

ನನ್ನ ಯಂತ್ರ ತಂದು ಮೂಲ ಜಾಗಗಳಲ್ಲೆಲ್ಲ ಬಾವುಟಗಳನ್ನು ಮತ್ತೆ ನೆಟ್ಟು, ಗುದ್ದಲಿ ಹಿಡಿದು ಮೆತ್ತಗೆ ಅಗೆದೆ. ಸ್ವಲ್ಪ ಹೊತ್ತಿನಲ್ಲೇ ಹೂವಿನ ಕರವಸ್ತ್ರದಲ್ಲಿ ಸುತ್ತಿದ ಪ್ಲಾಸ್ಟಿಕ್ಕಿನ ಸಂತ ಜೋಸೆಫರು ಸಿಕ್ಕರು. ನೆಟ್ಟಗೆ ನಿಂತಿದ್ದರು. ನಮ್ಮ ಯಂತ್ರಕ್ಕೆ ಲೋಹ ಮಾತ್ರ ಕೇಳಿಸುತ್ತದೆ, ಪ್ಲಾಸ್ಟಿಕ್ಕಿನ ಸಂತರು ಕೇಳಿಸುವುದಿಲ್ಲ.

ನಮ್ಮ ಕೇರಿಯಲ್ಲಿ ಮನೆ ಬೇಗ ಮಾರಾಟವಾಗಲೆಂದು ಜೋಸೆಫರ ಮೂರ್ತಿಯನ್ನು ಅಂಗಳದಲ್ಲಿ ತಲೆಕೆಳಗಾಗಿ ಹೂಳುವ ವಾಡಿಕೆಯಿದೆ. ನೆಟ್ಟಗೆ ಹೂಳಿದ್ದನ್ನು ಮಾತ್ರ ನಾನೆಂದೂ ಕಂಡಿರಲಿಲ್ಲ.

"ತಲೆಕೆಳಗಾಗಿ ಇಟ್ರೆ ಮಾರಿಹೋಗುತ್ತೆ. ಆರಾಮಾಗಿ ನಿಲ್ಸಿದ್ರೆ ಮನೆ ಉಳಿಯುತ್ತೆ," ಎಂದರು ಅತ್ತೆ. "ಆ ಹಲಗೆ ನೆಟ್ಟ ದಿನಾನೇ ಇಟ್ಟೆ. ನೀವು ಮನೆ ಮಾರಿ ನನ್ನನ್ನ ಯಾವ್ದಾದ್ರೂ ವೃದ್ಧಾಶ್ರಮಕ್ಕೆ ಬಿಟ್ಬಿಡ್ತೀರಿ ಅಂತ ಭಯ. ಮೊನ್ನೆ ರೂಬೆನ್ ಬೇರೆ, ಕೋಣೆ ಕಟ್ಟಿದ್ರೆ ಮನೆಗೆ ಒಳ್ಳೆ ಬೆಲೆ ಬರುತ್ತೆ ಅಂದ."

"ಆ ಕೋಣೆ ನಿಂಗೇ ಅಲ್ವೇನಮ್ಮಾ!" ಎಂದಳು ಬರ್ನಡೀನ್.

"ನಂಗಾ? ನಂಗೆ ಯಾರು ಹೇಳಿದ್ರು?"

ಬರ್ನಡೀನ್ ನನ್ನತ್ತ ತಿರುಗಿದಳು. "ನೀನು ಹೇಳ್ಲಿಲ್ವಾ?"

"ನೀನು ಹೇಳಿರ್ತೀಯ ಅಂದ್ಕೊಂಡೆ."

ಆ ಕ್ಷಣ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆ ಹೆಂಗಸು ಇಷ್ಟು ಕಾಲ ನಮ್ಮ ತಲೆಯ ಮೇಲೆಯೇ ಹೆದರಿಕೊಂಡು ಮಲಗಿದ್ದರೂ ನಮಗೆ ಸುಳಿವೇ ಹತ್ತಿರಲಿಲ್ಲ. ಬರ್ನಡೀನ್ ತಾಯಿಯನ್ನು ತಬ್ಬಿಕೊಂಡಳು, ಇಬ್ಬರೂ ಅತ್ತರು. ರೂಬೆನ್ ಟೋಪಿ ತೆಗೆದು ಗ್ಯಾಸಿನ ಬಾವುಟ ನೋಡುತ್ತಾ ನಿಂತ.

"ಅತ್ತೇ, ಈ ಕೋಣೆ ಮೇಲೆ ಆಣೆ, ನಿಮ್ಮನ್ನ ಎಲ್ಲಿಗೂ ಕಳಿಸಲ್ಲ," ಎಂದು, ಭಾವಾವೇಶದಲ್ಲಿ ಗುದ್ದಲಿಯನ್ನು ನೆಲಕ್ಕೆ ಕುಕ್ಕಿದೆ.

ಕುಕ್ಕಬಾರದಿತ್ತು. ಸಡಿಲ ಮಣ್ಣು ಜಾರಿ, ಅದರೊಳಗಿಂದ ಇನ್ನೊಂದು ಗಂಟು ಮೇಲೆ ಬಂತು. ಎರಡನೆಯ ಜೋಸೆಫರು. ಇವರು ತಲೆಕೆಳಗಾಗಿದ್ದರು. ಸುತ್ತಿದ್ದ ಬಟ್ಟೆಯ ಮಣ್ಣನ್ನು ಬರ್ನಡೀನ್ ಹೆಬ್ಬೆರಳಿನಿಂದ ಒರೆಸಿದಳು. ಹಸಿರು ಪಟ್ಟೆ ಕಾಣಿಸಿತು.

"ಇಂಥದ್ದೆಲ್ಲ ಮೂಢನಂಬಿಕೆ ಅಂತ ಭಾಷಣ ಬಿಗಿದೋನು ಯಾರೋ ಇದ್ದ," ಎಂದಳು. "ಕಾಲುಚೀಲ ಗೊತ್ತಿಲ್ಲ ಅಂದೋನೂ ಅವನೇ!"

ನಾನು ಯಂತ್ರದ ಬ್ಯಾಟರಿ ಪರೀಕ್ಷಿಸುವುದರಲ್ಲಿ ಮಗ್ನನಾದೆ. ಅತ್ತೆ ಅಳು ಮರೆತು ಬಿದ್ದು ಬಿದ್ದು ನಕ್ಕರು. "ಅಯ್ಯೋ ಪಾಪ, ಮಣ್ಣಲ್ಲಿ ಇಬ್ರೂ ಹಗ್ಗಜಗ್ಗಾಟ ಆಡ್ತಿದ್ರು ನೋಡು! ಗೆದ್ದೋನು ನಮ್ಮೋನು!"

ಈಗ ಕೋಣೆ ಮುಗಿದಿದೆ. ಅತ್ತೆ ಅಲ್ಲಿಂದ ಅಡುಗೆಮನೆಗೆ ಒಬ್ಬ ಸಂತರನ್ನೂ ಕರೆಯದೆ ನಡೆದು ಬರುತ್ತಾರೆ. ಅವರ ಕಿಟಕಿಯ ಕಟ್ಟೆಯ ಮೇಲೆ ಜೋಸೆಫರಿಬ್ಬರೂ ಅಕ್ಕಪಕ್ಕ ನಿಂತಿದ್ದಾರೆ. ನನ್ನ ಜೋಸೆಫರಿಗೆ ತಲೆಕೆಳಗಾಗಿ ನಿಂತ ಆಯಾಸವಿರುತ್ತದೆ, ಬೆಚ್ಚಗಿರಲಿ ಎಂದು ಅತ್ತೆ ಕಾಲುಚೀಲವನ್ನು ಒಗೆದು ಅವರಿಗೇ ತೊಡಿಸಿದ್ದಾರೆ.

ಹಿಮ ಬೀಳಲು ಶುರುವಾದ ದಿನ ಅತ್ತೆ ನಮ್ಮ ಬಾಗಿಲು ತಟ್ಟಿದರು. ಏನೋ ನೋವಿರಬೇಕೆಂದು ಗಾಬರಿಯಿಂದ ತೆರೆದೆ.

"ಕ್ಯಾಸ್, ಇನ್ನೊಂದು ಕಾಲುಚೀಲಾನೂ ಕೊಟ್ಬಿಡಪ್ಪ," ಎಂದರು ಕೈ ಚಾಚಿ. "ನನ್ನ ಜೋಸೆಫನ್ಗೂ ಚಳಿ ಆಗಲ್ವಾ?"