ದಾರ್ ಎಸ್ ಸಲಾಮಿನ ದರ್ಜಿಗಳು, ಮೈಸೂರಿನ ಮೇಷ್ಟ್ರು

ಪಿಎಚ್.ಡಿ. ಮಾಡಿಸುವವನ ಮಾನ ವರ್ಷಕ್ಕೊಮ್ಮೆಯಾದರೂ ಹೋಗುತ್ತದೆ, ಅದೂ ಒಳ್ಳೆಯ ವಿದ್ಯಾರ್ಥಿಗಳಿಂದಲೇ. ನಾನು ಮೈಸೂರಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ತಾಂಜಾನಿಯಾದ ದಾರ್ ಎಸ್ ಸಲಾಮಿನ ಹುಡುಗಿಯೊಬ್ಬಳು ತನ್ನೂರಿನ ಹೊಲಿಗೆ ಅಂಗಡಿಗಳ ಮೇಲೆ ಸಂಶೋಧನೆ ಮಾಡಲು ನನ್ನ ಬಳಿ ಸೇರಿ, ಮೊದಲ ವರ್ಷವೇ ಕನ್ನಡ ಕಲಿತಳು. ಅವಳ ತಾಯಿಯೂ ದರ್ಜಿ. "ಡಾಕ್ಟರ್ ಆಗಿಯೇ ವಾಪಸ್ ಬಾ" ಎಂದು ಕಳಿಸಿದ್ದರಂತೆ.

ಬೋಣಿ

ಪ್ರಶ್ನಾವಳಿಯನ್ನು ಮೊದಲು ಇಲ್ಲಿನ ಯಾವುದಾದರೂ ಸಣ್ಣ ಅಂಗಡಿಗಳಲ್ಲಿ ಪರೀಕ್ಷಿಸಲಿ ಎಂದು ಅವಳನ್ನು ದೇವರಾಜ ಮೊಹಲ್ಲಾಕ್ಕೆ ಕಳಿಸಿದೆ. "ಬಾಗಿಲು ತೆಗೆಯೋ ಹೊತ್ತಿಗೇ ಹೋಗು, ಆಗ ಬಿಡುವಾಗಿರ್ತಾರೆ" ಎಂದ ಬುದ್ಧಿವಂತ ನಾನೇ. ಎಲ್ಲರದೂ ಒಂದೇ ಉತ್ತರ: "ಇನ್ನೂ ಬೋಣಿ ಆಗಿಲ್ಲ ಕಣಮ್ಮ, ಆಮೇಲೆ ಬಾ." ದಿನದ ಮೊದಲ ವ್ಯಾಪಾರ ಆಗದೆ ಯಾರೂ ಬಾಯಿ ಬಿಡುವುದಿಲ್ಲವೆಂದು ತಿಳಿದ ಹುಡುಗಿ, ಅಂಗಡಿ ಅಂಗಡಿಗೂ ತಾನೇ ಬೋಣಿ ಮಾಡುತ್ತ ಹೋದಳು. ವಿಭಾಗಕ್ಕೆ ಮರಳಿದಾಗ ಕೈಯಲ್ಲಿ ಭರ್ತಿಯಾದ ಪ್ರಶ್ನಾವಳಿಗಳು, ಜೊತೆಗೆ ವೀಳ್ಯದೆಲೆ, ಅರಿಶಿನ ಕುಂಕುಮ, ಊದುಬತ್ತಿ, ಎರಡು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು.

ನಮ್ಮ ಅಟೆಂಡರ್ ಮುಖ ಊದಿಸಿಕೊಂಡ. "ಯಾರ್ ನಿಶ್ಚಿತಾರ್ಥ ಸಾರ್? ನಂಗೊಂದು ಮಾತು ಹೇಳ್ಲಿಲ್ವಲ್ಲ!"

ನಾಳೆ ಬನ್ನಿ

ನನ್ನ ಹೆಂಡತಿಯ ರವಿಕೆ ಹೊಲಿಯುವ ಟೈಲರಮ್ಮ ಹಿನಕಲ್‌ನಲ್ಲಿದ್ದಾರೆ. ಅವರನ್ನು ಸಂದರ್ಶಿಸಲು ಹುಡುಗಿಯನ್ನು ಕಳಿಸಿದರೆ ದಿನವೂ "ನಾಳೆ ಬನ್ನಿ." ಹತ್ತನೆಯ ದಿನ ನಾನೇ ರೇಗಿದೆ. "ಬೇಜಾರು ಮಾಡ್ಕೋಬೇಡಿ ಸರ್, ನಮ್ಮಮ್ಮನೂ ಹಿಂಗೇ. ನಾಳೆ ಅಂದ್ರೆ ವ್ಯಾಪಾರ ಚೆನ್ನಾಗಿದೆ ಅಂತ" ಎಂದಳು. ಮಾರನೆಯ ದಿನ ಟೈಲರಮ್ಮ, "ಸುಮ್ನೆ ಕೂತು ಏನ್ ಕೇಳ್ತೀಯಾ, ಹುಕ್ ಹಾಕ್ತಾ ಕೇಳು" ಎಂದು ಸೂಜಿದಾರ ಕೊಟ್ಟರಂತೆ. ಸಂದರ್ಶನ ಮುಗಿಯುವಷ್ಟರಲ್ಲಿ ಆರು ರವಿಕೆ ತಯಾರು.

ದೀಪಾವಳಿಗೆಂದು ಕೊಟ್ಟಿದ್ದ ರವಿಕೆ ಯುಗಾದಿಗೆ ಮುಂಚೆಯೇ ಬಂದದ್ದು ಕಂಡು ನನ್ನ ಹೆಂಡತಿ, "ಎಲ್ಲಾ ಟೈಲರ್‌ಗಳ ಮೇಲೂ ಸಂಶೋಧನೆ ಮಾಡಿಸ್ರೀ" ಎಂದಳು.

ಸಹಿ

ಅವಳ ಪ್ರಬಂಧದ ತಿರುಳು ಇಷ್ಟು: ಅವಳೂರಿನ ಹೊಲಿಗೆ ಅಂಗಡಿ ದೊಡ್ಡದಾಗುವುದಿಲ್ಲ, ಅಲ್ಲಿ ಕಲಿತವರು ಹೊರಗೆ ಹೋಗಿ ತಮ್ಮದೇ ಅಂಗಡಿ ಇಡುತ್ತಾರೆ. ಅದೂ ಅಭಿವೃದ್ಧಿಯೇ.

ಮೌಖಿಕ ಪರೀಕ್ಷೆಗೆ ಪರ ಊರಿನಿಂದ ಬಂದ ಪರೀಕ್ಷಕರು ಒಪ್ಪಲಿಲ್ಲ. "ಜೀವಮಾನವೆಲ್ಲ ಒಂದೇ ಕೋಣೆಯಲ್ಲಿರೋ ಅಂಗಡಿ ವಿಫಲ ಅಲ್ಲದೆ ಮತ್ತೇನು? ಸರಿಯಾದ ಉತ್ತರ ಕೊಡದಿದ್ದರೆ ನಾನು ಸಹಿ ಹಾಕೋದಿಲ್ಲ." ಐದು ವರ್ಷದ ದುಡಿಮೆ ಆ ಪೆನ್ನಿನ ತುದಿಯಲ್ಲಿತ್ತು.

ಹುಡುಗಿ ತುಂಬಿದ ಸಭೆಯಲ್ಲಿ ನನ್ನತ್ತ ಕೈ ತೋರಿಸಿದಳು. "ನನ್ನ ಗೈಡ್ ಇಪ್ಪತ್ತೈದು ವರ್ಷದಿಂದ ಒಂದೇ ಕೋಣೆಯಲ್ಲಿದ್ದಾರೆ ಸರ್. ಫ್ಯಾನೂ ಅದೇ. ಇವರ ಹತ್ರ ಕಲಿತ ಒಂಬತ್ತು ಜನ ಒಂಬತ್ತು ಊರಲ್ಲಿ ಪಾಠ ಮಾಡ್ತಿದ್ದಾರೆ. ಇವರು ವಿಫಲ ಅಂತ ನೀವು ಹೇಳಿ, ಆ ಅಧ್ಯಾಯ ಈಗಲೇ ತೆಗೀತೀನಿ."

ಸಭೆ ಗೊಳ್ಳೆಂದು ನಕ್ಕಿತು. ನಾನು ಹೆಮ್ಮೆಯಿಂದ ನೆಟ್ಟಗೆ ಕೂತೆ. ಪರೀಕ್ಷಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪೆನ್ನಿನ ಮುಚ್ಚಳ ತೆಗೆದರು.

"ನಿಮ್ಮ ಗೈಡ್ ಸಫಲರು ಅನ್ನೋಕೆ ಇಷ್ಟು ಸಾಕ್ಷಿ ಸಾಲದಮ್ಮ. ನಿಮಗೆ ಡಾಕ್ಟರೇಟ್ ಕೊಡೋಕೆ ಧಾರಾಳವಾಗಿ ಸಾಕು" ಎಂದು ಸಹಿ ಹಾಕಿದರು.

ಮೊದಲು ಚಪ್ಪಾಳೆ ಹೊಡೆದವನು ನಾನೇ.