ನೀರು ನಿಂತ ಮಹಡಿ

ಪ್ರೂಫಣ್ಣ ಅಂದು ಬೆಳಿಗ್ಗೆ ಕಟ್ಟಡ ನೋಡಲು ಹೋಗಬಾರದಿತ್ತು. ಅಚ್ಚುಕೂಟದಲ್ಲಿ ಕರಡು ತಿದ್ದಿ ತಿದ್ದಿ ಅವನಿಗೆ ಎಲ್ಲೆಲ್ಲೂ ತಪ್ಪೇ ಕಾಣುವ ರೋಗ ಹತ್ತಿತ್ತು. ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದನ್ನೆಲ್ಲ, ಇನ್ನೂ ಏಳುತ್ತಿದ್ದ ಆ ಕಟ್ಟಡದ ಮನೆಯೊಂದಕ್ಕೆ ಮುಂಗಡವಾಗಿ ಸುರಿದಿದ್ದ. "ಈಗ ಹಾಕಿದ್ರೆ ಅಗ್ಗ, ಮುಗಿಯೋ ಹೊತ್ತಿಗೆ ದುಪ್ಪಟ್ಟು" ಎಂದಿದ್ದ ಬಿಲ್ಡರ್. ಬಾಡಿಗೆ ಮನೆ ಬದಲಿಸಿ ಬದಲಿಸಿ ಸೋತಿದ್ದ ಹೆಂಡತಿಗೆ ದುಪ್ಪಟ್ಟು ಬೇಕಿರಲಿಲ್ಲ. ಯಾರೂ ಖಾಲಿ ಮಾಡಿಸದ ನಾಲ್ಕು ಗೋಡೆ ಸಾಕಿತ್ತು.

ಹೋಗಿ ನೋಡಿದರೆ ಅಲ್ಲಿ ನರಪಿಳ್ಳೆಯಿಲ್ಲ. ಏಣಿ ಹತ್ತಿ ಇಣುಕಿದ. ಸುಡು ಬೇಸಿಗೆಯಲ್ಲಿ ಹೊಸ ಮಹಡಿಯ ತುಂಬ ನೀರು ನಿಂತಿದೆ! ಬಿಲ್ಡರ್ ಫೋನೂ ಎತ್ತಲಿಲ್ಲ.

"ಓಡಿಹೋಗಿದಾನೆ ಬಿಡಿ," ಎಂದ ಅಚ್ಚುಕೂಟದ ಕ್ಯಾಷಿಯರ್. "ನಮ್ಮ ಷಡ್ಡಕನಿಗೂ ಹೀಗೇ ಆಗಿದ್ದು. ಅವನ ಪಾಯದಲ್ಲಿ ಈಗ ಆಡು ಮೇಯ್ತವೆ."

"ನೀರು ಬೇರೆ ನಿಂತಿದ್ಯಾ? ಹಾಗಾದ್ರೆ ಕಟ್ಟಡ ಕೂತ್ಕೊಳ್ಳುತ್ತೆ," ಎಂದ ಬೈಂಡರ್, ಬಹಳ ಪ್ರೀತಿಯಿಂದ.

ಮಧ್ಯಾಹ್ನ ಮನೆಗೆ ಓಡಿಬಂದವನಿಗೆ ಬಾಗಿಲಲ್ಲೇ ಮನೆ ಮಾಲೀಕರು ಸಿಕ್ಕರು. ಎಲ್ಲ ಕೇಳಿ ಲೊಚಗುಟ್ಟಿದರು.

"ಪಾಪ! ನೀವು ಕೊಟ್ಟಿರೋದ್ರಲ್ಲಿ ಅರ್ಧ ನಾನು ಕೊಡ್ತೀನಿ, ನನ್ನ ಹೆಸರಿಗೆ ಮಾಡ್ಕೊಡಿ. ಮುಳುಗಿದ್ರೆ ನಾನು ಮುಳುಗ್ತೀನಿ."

"ಇವತ್ತೊಂದಿನ ತಡೀರೀ," ಎಂದಳು ಹೆಂಡತಿ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅವನು ಮಾಲೀಕರ ಕಾಗದಕ್ಕೆ ಸಹಿ ಹಾಕಿ ಚೆಕ್ ಇಸಿದುಕೊಂಡ.

ಸಂಜೆ ಬಿಲ್ಡರೇ ಫೋನ್ ಮಾಡಿದ. "ಮಗಳ ಶಾಲೇಲಿದ್ದೆ ಸಾರ್. ಸ್ಲ್ಯಾಬ್ ಹಾಕಾಯ್ತು! ಕಾಂಕ್ರೀಟು ಗಟ್ಟಿಯಾಗ್ಲಿ ಅಂತ ನೀರು ಕಟ್ಟಿ ನಿಲ್ಸಿದೀವಿ, ಅಲ್ಲೀವರ್ಗೂ ಕೆಲಸದವರಿಗೆ ರಜಾ. ರೇಟು ಆಗ್ಲೇ ಏರಿಬಿಟ್ಟಿದೆ!"

ಒಂದೇ ಒಂದು ದಿನ ತಡೆಯಲಾಗಲಿಲ್ಲವಲ್ಲ! ಪ್ರೂಫಣ್ಣ ಹೋಗಿ ಮಾಲೀಕರ ಬಾಗಿಲು ತಟ್ಟಿದ.

"ನೀರು ಯಾಕೆ ನಿಲ್ಸಿದಾರೆ ಅಂತ ನಿಮಗೆ ಗೊತ್ತಿತ್ತಾ?"

"ಈ ಮನೆ ಕಟ್ಟಿಸಿದ್ದು ನಾನೇ ಅಲ್ವೇನಪ್ಪಾ?" ಎಂದು ಅವರು ಅವನ ಹೆಗಲ ಮೇಲೆ ಕೈಯಿಟ್ಟರು. "ಕೊರಗ್ಬೇಡಿ. ಈ ಹಳೇದನ್ನ ಕೆಡವಿ ನಾನೂ ಅಂಥದ್ದೇ ಎಬ್ಬಿಸ್ಬೇಕು ಅಂತಿದೀನಿ. ನೀವು ಬರೆದುಕೊಟ್ಟ ಆ ಮನೆ ಮುಗಿದ ಕೂಡ್ಲೇ ನೀವೇ ಹೋಗಿ ಇರಿ, ಬಾಡಿಗೆಗೆ. ಅಡ್ವಾನ್ಸಿಗೆ ಎಲ್ಲೂ ಪರದಾಡ್ಬೇಡಿ. ಮಧ್ಯಾಹ್ನದ ಚೆಕ್ ವಾಪಸ್ ಕೊಟ್ಬಿಡಿ, ಸಾಕು."

ಹಿಂದೆಯೇ ಬಂದು ಕೇಳಿಸಿಕೊಂಡಿದ್ದ ಹೆಂಡತಿ ತಮ್ಮ ಮನೆಯೊಳಗಿನಿಂದ ಚೆಕ್ ತಂದು ಗಂಡನ ಕೈಗಿಟ್ಟಳು.

"ಕೊಡಿ," ಎಂದಳು ಅವನ ಮುಖ ನೋಡದೆ. "ಆ ಮನೇಲಿ ಸ್ವಲ್ಪ ದಿನ ಆದ್ರೂ ಇರ್ತೀವಲ್ಲ."